ಮಾಣಿಕಪ್ರಭುಗಳು ಬೆಳೆದ ಊರು

ಪರಿಸರ ಮತ್ತು ವ್ಯಕ್ತಿತ್ವ ಎಂಬ ಘಟಕಕ್ಕೆ ಬೋಧನಾಭ್ಯಾಸದಲ್ಲಿ ನಾನು ಆರಿಸಿಕೊಂಡದ್ದು ಹುಮನಾಬಾದಿನ ಮಾಣಿಕಪ್ರಭುಗಳ ಬದುಕು. ಮಕ್ಕಳಿಗೆ ಜಾತ್ರೆ ಗೊತ್ತಿತ್ತು, ಜೀವನ ಗೊತ್ತಿರಲಿಲ್ಲ.

ಅವರು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ತಂದೆ ಮನೋಹರ ನಾಯಕರು ಬೇಗ ತೀರಿಕೊಂಡರು. ಕಲ್ಯಾಣದ ನವಾಬರ ಚಾಕರಿಯಲ್ಲಿದ್ದ ಸೋದರಮಾವನೇ ಆಸರೆಯಾದರು.

ಆಗಿನ ಕಲ್ಯಾಣವನ್ನು ನೆನೆಯಬೇಕು. ಬಸವಣ್ಣನವರು ಬಾಳಿದ ನೆಲ. ಕೋಟೆಯಲ್ಲಿ ನವಾಬರು, ಅವರ ಮೇಲೆ ಹೈದರಾಬಾದಿನ ನಿಜಾಮರು. ಮನೆಯೊಳಗೆ ಮರಾಠಿ, ಬಜಾರಿನಲ್ಲಿ ಕನ್ನಡ, ಕಚೇರಿಯ ಕಡೆ ಹೋದರೆ ಫಾರ್ಸಿ, ಉರ್ದು. ಗುಡಿ, ಮಠ, ದರ್ಗಾ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ. ಹುಡುಗ ಶಾಲೆಗಿಂತ ಅಡ್ಡಾಟದಲ್ಲೇ ಹೆಚ್ಚು ಇದ್ದನಂತೆ. ಮಾವ ಸುಂಕದ ಕಟ್ಟೆಯ ಕೆಲಸಕ್ಕೆ ಹಚ್ಚಿದರು. ಅದು ಒಗ್ಗದೆ ಮನೆ ಬಿಟ್ಟು ಹೊರಟರು.

ತಿರುಗಾಟದ ನಂತರ ಹುಮನಾಬಾದಿನ ಪಕ್ಕದಲ್ಲಿ ನೆಲೆನಿಂತರು, ಅದೇ ಮಾಣಿಕನಗರ. ಅಲ್ಲಿ ಬೆಳೆಸಿದ ಸಂಪ್ರದಾಯಕ್ಕೆ ಸಕಲಮತ ಎಂದು ಹೆಸರು. ಬಂದವರು ತಮ್ಮ ಮತ ಬಿಡಬೇಕಿರಲಿಲ್ಲ. ಲಿಂಗಾಯತರೂ ಮುಸಲ್ಮಾನರೂ ಅವರನ್ನು ತಮ್ಮವರೆಂದೇ ಕಂಡರು. ಪದಗಳನ್ನು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಕಟ್ಟಿದರು. 1865ರಲ್ಲಿ ಸಮಾಧಿಸ್ಥರಾದರು.

ಇಷ್ಟಾದ ಮೇಲೆ ಒಬ್ಬ ಹುಡುಗಿ ಎದ್ದು, ಅದೇ ಓಣಿಯಲ್ಲಿ ಬೆಳೆದ ಉಳಿದವರು ಯಾಕೆ ಹಾಗಾಗಲಿಲ್ಲರೀ ಸರ್ ಎಂದು ಕೇಳಿದಳು. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ, ಆದರೆ ಘಟಕದ ಜೀವವೇ ಅದು. ಅದೇ ಊರು ಮಾವನನ್ನು ನವಾಬರ ನೌಕರನನ್ನಾಗಿಯೂ ಮಾಡಿತ್ತು. ಊರು ಕೊಟ್ಟದ್ದರಲ್ಲಿ ಭಾಷೆಗಳನ್ನು ಪ್ರಭುಗಳು ಇಟ್ಟುಕೊಂಡರು, ಸುಂಕದ ಕಟ್ಟೆಯನ್ನು ಬಿಟ್ಟರು ಎಂದೆ. ಮನೆಯಿಂದ ಶಾಲೆಯವರೆಗೆ ಕಿವಿಗೆ ಬೀಳುವ ಭಾಷೆಗಳನ್ನು ಬರೆಯಲು ಹೇಳಿದೆ. ಹೆಚ್ಚಿನವರು ಮೂರು ಬರೆದರು. ತಾಂಡಾದ ಹುಡುಗ ಐದು.