ಸೊಲ್ಲಾಪುರದ ಸಾವ್ಕಾರನ ಹಡಗು

ಸೇಡಂ, ಚಿತ್ತಾಪುರದ ಕಡೆಯಿಂದ ಬರುವ ಗಾಡಿ ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ ಲೈನು ಸೇರುತ್ತದೆ. ಮುಂದೆ ಶಹಾಬಾದ, ಕಲಬುರಗಿ ದಾಟಿದರೆ ಸೊಲ್ಲಾಪುರ. ಚಿಂಚೋಳಿಯವರು ಬಸ್ಸು ಹಿಡಿದು ಬಂದು ಇದೇ ಲೈನಿನ ಗಾಡಿ ಹತ್ತಬೇಕು. ಚಾದರದ ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಬರುವ ಅಂಗಡಿಕಾರರು ಈ ಭಾಗದಲ್ಲಿ ಎಷ್ಟೋ ಮಂದಿ. ಹೊಳೆಯೂ ಸಮುದ್ರ ಸೇರಲು ದಣಿಯುವಷ್ಟು ಒಳನಾಡಿನ ಆ ಊರಿನ ಸಾವ್ಕಾರನೊಬ್ಬ ಹಡಗಿನ ವ್ಯಾಪಾರಕ್ಕೆ ಕೈ ಹಾಕಿದ್ದ ಅಂದರೆ ನಂಬೋದು ಕಷ್ಟ. ಆದರೆ ಮಾತು ಖರೆ.

ಅವರೇ ವಾಲಚಂದ ಹಿರಾಚಂದ. 1882ರ ನವೆಂಬರ್ 23ರಂದು ಸೊಲ್ಲಾಪುರದ ಗುಜರಾತಿ ಜೈನ ಮನೆತನದಲ್ಲಿ ಹುಟ್ಟಿದವರು. ಮನೆಯಲ್ಲಿ ಹತ್ತಿ ಮತ್ತು ಲೇವಾದೇವಿ. ಹುಡುಗನಿಗೆ ಅದು ರುಚಿಸಲಿಲ್ಲ. ಫಾಟಕ ಎಂಬವರ ಜೊತೆ ಪಾಲು ಹಾಕಿ ಬಾರ್ಸಿ ರೈಲಿನ ಗುತ್ತಿಗೆ ಹಿಡಿದರು. ಮಣ್ಣು ಹೊರಿಸಿ ಹಳಿ ಹಾಕಿಸಿದ ಕೈ, ಮುಂದೆ ಹಡಗಿಗೆ ಹೋಯಿತು.

1919ರಲ್ಲಿ ಗ್ವಾಲಿಯರ್ ಮಹಾರಾಜರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿತ್ತು. ವಾಲಚಂದರು ನರೋತ್ತಮ ಮೊರಾರ್ಜಿ ಮೊದಲಾದವರನ್ನು ಕೂಡಿಸಿಕೊಂಡು ಅದನ್ನು ಕೊಂಡು, ಸಿಂಧಿಯಾ ಕಂಪನಿ ಕಟ್ಟಿದರು. ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು.

ಹಡಗೇನೋ ಹೊರಟಿತು, ಲಾಭ ಬರಲಿಲ್ಲ. ಕಡಲೆಲ್ಲ ಬ್ರಿಟಿಷ್ ಕಂಪನಿಗಳ ಕೈಯಲ್ಲಿ. ಅವರ ಯುಕ್ತಿ ಕಿರಾಣಿ ಅಂಗಡಿಯವರಿಗೆ ಥಟ್ಟನೆ ತಿಳಿದೀತು. ಸಾಗಣೆ ಬಾಡಿಗೆಯ ಮೇಲೆ ಸೋಡಿ ಕೊಡುತ್ತಿದ್ದರು, ಆದರೆ ಅದು ಕೈಗೆ ಸಿಗುವುದು ತಿಂಗಳುಗಟ್ಟಲೆ ಆದ ಮೇಲೆ. ನಡುವೆ ಬೇರೆ ಕಂಪನಿಯ ಹಡಗಿಗೆ ಒಂದು ಮೂಟೆ ಹಾಕಿದರೂ ಸೋಡಿ ಖತಂ! ಇಂಥದರಲ್ಲಿ ಹೊಸಬನ ಹತ್ತಿರ ಯಾರು ಬಂದಾರು? ಮೇಲೆ ದರ ಇಳಿಸುವ ಜಿದ್ದು ಬೇರೆ. ಲಾಯಲ್ಟಿ 1923ರಲ್ಲಿ ಗುಜರಿಗೆ ಹೋಯಿತು. ಅದೇ ವರ್ಷ ಸಿಂಧಿಯಾ ಒಂದು ಕರಾರಿಗೆ ಸಹಿ ಹಾಕಬೇಕಾಯಿತು: ಹತ್ತು ವರ್ಷ ಕರಾವಳಿಯ ಸಾಗಣೆ ಮಾತ್ರ, ಪರದೇಶದ ಮಾರ್ಗ ಬಂದ್. ಮಂದಿ ನಕ್ಕರು. ಕಂಪನಿ ಮಾತ್ರ ಮುಳುಗಲಿಲ್ಲ.

ನರೋತ್ತಮರು 1929ರಲ್ಲಿ ತೀರಿಕೊಂಡ ಮೇಲೆ ವಾಲಚಂದರೇ ಅಧ್ಯಕ್ಷರಾದರು. ಲಾಭದ ಲೆಕ್ಕ ಒಂದು ಕಡೆ, ಲೋಕದ ಲೆಕ್ಕ ಇನ್ನೊಂದು ಕಡೆ. 1927ರಿಂದ ಮುಂಬಯಿಯ ಡಫರಿನ್ ಹಡಗಿನಲ್ಲಿ ಭಾರತೀಯ ಹುಡುಗರಿಗೆ ಅಧಿಕಾರಿ ತರಬೇತಿ ಶುರುವಾಗಿತ್ತು. ಕಲಿತು ಬಂದವರಿಗೆ ಪರದೇಶಿ ಕಂಪನಿಗಳ ಬಾಗಿಲು ತೆರೆಯುವುದು ಸುಲಭವಿರಲಿಲ್ಲ. ಸಿಂಧಿಯಾ ಅವರಿಗೆ ಜಾಗ ಕೊಟ್ಟಿತು. 1937ರಲ್ಲಿ ಹಜ್ ಯಾತ್ರಿಕರಿಗಾಗಿ ಎಲ್ ಮದೀನಾ ಹಡಗು ಇಳಿಸಿದಾಗ ಪೈಪೋಟಿ ಹುಟ್ಟಿ, ಜೆದ್ದಾ ಟಿಕೀಟಿನ ದರವೂ ಇಳಿಯಿತು.

1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದವರೂ ಇವರೇ. ಅದೇ ಇಂದಿನ ಎಚ್‌ಎಎಲ್. ಮರುವರ್ಷ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. 1942ರಲ್ಲಿ ಜಪಾನಿನ ಬಾಂಬು ಬಿದ್ದು ಆ ಊರೇ ನಡುಗಿತು, ಕೆಲಸ ಹಿಂದೆ ಬಿತ್ತು. ಕಡೆಗೆ 1948ರ ಮಾರ್ಚ್ 14ರಂದು ಅಲ್ಲಿ ಕಟ್ಟಿದ ಜಲ ಉಷಾ ಹಡಗನ್ನು ಪಂಡಿತ ನೆಹರೂ ನೀರಿಗಿಳಿಸಿದರು. ಮೊದಲ ಹಡಗು ಕೊಂಡದ್ದು ಬೇರೆಯವರ ಹಳೇ ಹಡಗು; ಇದು ಸ್ವಂತ ನೆಲದಲ್ಲಿ ಕಟ್ಟಿದ್ದು. ನಡುವೆ ಇಪ್ಪತ್ತೊಂಬತ್ತು ವರ್ಷ.

ಆಮೇಲೆ ವಾಲಚಂದರಿಗೆ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ಕೆಲಸ ಬಿಟ್ಟರು, 1953ರ ಏಪ್ರಿಲ್ 8ರಂದು ಕಣ್ಣು ಮುಚ್ಚಿದರು. ಹಡಗುಕಟ್ಟೆ ಸರ್ಕಾರದ್ದಾಯಿತು. 2010ರಲ್ಲಿ ರಕ್ಷಣಾ ಇಲಾಖೆಗೆ ಸೇರಿ, ನೌಕಾಪಡೆಯ ಕೆಲಸವನ್ನೂ ಮಾಡುತ್ತಿದೆ. ಸಿಂಧಿಯಾ ಹಡಗುಗಳು ಈಗ ಓಡುವುದಿಲ್ಲ.

ಲಾಯಲ್ಟಿ ಹೊರಟ ಏಪ್ರಿಲ್ 5 ಮಾತ್ರ ಉಳಿದಿದೆ. 1964ರಿಂದ ದೇಶ ಅದನ್ನು ನೌಕಾಯಾನ ದಿನವೆಂದು ಆಚರಿಸುತ್ತದೆ. ಆ ಹೊತ್ತಿಗೆ ಕೂಡಿಸುವ ನಿಧಿ ನಾವಿಕರ ಕಲ್ಯಾಣಕ್ಕೆ ಹೋಗುತ್ತದೆ. ನಷ್ಟದ ಹಡಗಿನ ಹೆಸರಲ್ಲಿ ಇಂದಿಗೂ ಇಷ್ಟು ಜಮೆ ಆಗುತ್ತಿದ್ದರೆ, ಸಾವ್ಕಾರರ ಆ ವ್ಯಾಪಾರ ಲುಕ್ಸಾನಾಯಿತೆಂದು ಖಾತೆ ಮುಚ್ಚಲು ಬರುವುದಿಲ್ಲ.