ಅಂಗಾಂಶಗಳ ಅನ್ವೇಷಕ ಬಿಷಾ

ಚರ್ಮಕ್ಕೂ ಮಾಂಸಖಂಡಕ್ಕೂ ನಡುವೆ, ರಕ್ತನಾಳಗಳ ಸುತ್ತ, ಅಂಗಗಳ ಸಂದುಗೊಂದುಗಳಲ್ಲಿ ನವಿರಾದ ಬಿಳಿಯ ಜಾಲವೊಂದು ಹಬ್ಬಿಕೊಂಡಿದೆ. ಶವಚ್ಛೇದನ ಮಾಡುವವರು ಅದನ್ನು ಬಿಡಿಸಿ ಬದಿಗೊತ್ತಿ ಮುಂದೆ ಸಾಗುವುದು ವಾಡಿಕೆ. ಬೋರ್ದ್ಯೂ ಮೊದಲಾದವರು ಅದರ ವಿಷಯವಾಗಿ ಬರೆದಿದ್ದರು. ಆದರೆ ಶರೀರಶಾಸ್ತ್ರದಲ್ಲಿ ಅದಕ್ಕೆ ತಕ್ಕ ಸ್ಥಾನವನ್ನು ದೊರಕಿಸಿದವನು ಕ್ಸೇವಿಯರ್ ಬಿಷಾ.

1771ರ ನವೆಂಬರ್ 14ರಂದು ಫ್ರಾನ್ಸಿನ ತ್ವಾರೆತ್ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಬಿಷಾ ಜನಿಸಿದನು. ಲಿಯಾನಿನಲ್ಲಿ ಶಸ್ತ್ರವೈದ್ಯವನ್ನು ಕಲಿಯುತ್ತಿದ್ದಾಗ ಕ್ರಾಂತಿಯ ದಳ್ಳುರಿ ಆ ನಗರವನ್ನು ಆವರಿಸಿತು. 1793ರಲ್ಲಿ ಪ್ಯಾರಿಸ್ಸಿಗೆ ಬಂದು, ಓತೆಲ್ ದ್ಯೂ ಆಸ್ಪತ್ರೆಯ ಪ್ರಸಿದ್ಧ ಶಸ್ತ್ರವೈದ್ಯ ದೆಸೋನ ಪಾಠಗಳಿಗೆ ಸೇರಿಕೊಂಡನು. ಹಿಂದಿನ ದಿನದ ಪಾಠವನ್ನು ಸಂಗ್ರಹಿಸಿ ಹೇಳಬೇಕಾಗಿದ್ದ ವಿದ್ಯಾರ್ಥಿ ಒಂದು ದಿನ ಬರಲಿಲ್ಲ. ಆ ಕಾರ್ಯವನ್ನು ಬಿಷಾ ನಿರ್ವಹಿಸಿದ ಪರಿಯನ್ನು ಕಂಡು ದೆಸೋ ಅವನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡನು. 1795ರಲ್ಲಿ ಗುರು ತೀರಿಕೊಂಡಾಗ ಆತನ ಬರಹಗಳನ್ನು ಸಂಪಾದಿಸಿ ಪ್ರಕಟಿಸಿದವನೂ, ಗುರುಪತ್ನಿಗೆ ಆಸರೆಯಾಗಿ ನಿಂತವನೂ ಈ ಶಿಷ್ಯನೇ.

ರೋಗವು ಇಡೀ ಅಂಗವನ್ನು ಹಿಡಿಯುತ್ತದೆಂಬುದು ಅಂದಿನ ಸಾಮಾನ್ಯ ನಂಬಿಕೆ. ಒಂದೇ ಬಗೆಯ ಪೊರೆ ದೇಹದಲ್ಲಿ ಎಲ್ಲಿಯೇ ಇರಲಿ, ಒಂದೇ ರೀತಿಯಲ್ಲಿ ಉರಿಯೂತಕ್ಕೆ ಒಳಗಾಗುವುದೆಂದು ಪಿನೆಲ್ ತೋರಿಸಿದ್ದನು. ಈ ಎಳೆಯನ್ನು ಹಿಡಿದು ಬಿಷಾ ಬಹುದೂರ ನಡೆದನು. ಅಂಗಗಳನ್ನು ಕುದಿಸಿದನು, ಒಣಗಿಸಿದನು, ಕೊಳೆಯಿಸಿದನು, ಆಮ್ಲ ಕ್ಷಾರಗಳಲ್ಲಿ ಅದ್ದಿ ನೋಡಿದನು. 1801ರಲ್ಲಿ ಹೊರಬಂದ ಅವನ ಸಾಮಾನ್ಯ ಅಂಗರಚನಾಶಾಸ್ತ್ರದ ಗ್ರಂಥವು ದೇಹವೆಲ್ಲವನ್ನೂ 21 ಅಂಗಾಂಶಗಳ ನೇಯ್ಗೆಯೆಂದು ವಿವರಿಸಿತು. ಇಷ್ಟನ್ನೂ ಅವನು ಕಂಡದ್ದು ಬರಿಗಣ್ಣಿನಿಂದ. ಸೂಕ್ಷ್ಮದರ್ಶಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಾಣುತ್ತದೆಂದು ಅವನಿಗೆ ಅದರಲ್ಲಿ ವಿಶ್ವಾಸವಿರಲಿಲ್ಲ. ಅಂದಿನ ಮಸೂರಗಳನ್ನು ನೆನೆದರೆ ಆ ಸಂಶಯವು ಅಕಾರಣವೆನ್ನಲಾಗದು.

ಮೊದಲು ಹೇಳಿದ ಬಿಳಿಯ ಜಾಲವನ್ನು ಅವನು ಕೋಶಮಯ ಅಂಗಾಂಶವೆಂದು ಕರೆದನು. ಕೋಶವೆಂದರೆ ಇಲ್ಲಿ ಜೀವಕೋಶವಲ್ಲ, ಎಳೆಗಳ ನಡುವಣ ಪುಟ್ಟ ಪೊಳ್ಳು. ಈ ಪೊಳ್ಳುಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದಲೇ ಚರ್ಮದಡಿ ಊದಿದ ಗಾಳಿ ದೂರಕ್ಕೆ ಹರಡುತ್ತದೆ, ಜಲೋದರದವನ ಕಾಲಿನಲ್ಲಿ ನೀರು ತುಂಬುತ್ತದೆ. ಸಂಯೋಜಕ ಅಂಗಾಂಶವೆಂದು ನಾವು ಇಂದು ಕರೆಯುವುದರ ಮುಖ್ಯ ಭಾಗ ಇದು. ಕೊಲಾಜೆನ್ ಎಳೆಗಳನ್ನು ಸ್ರವಿಸುವ ತಂತುಕೋಶಗಳೂ, ಹೊರಗಿನಿಂದ ಬಂದ ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳೂ, 1878ರಲ್ಲಿ ಎರ್ಲಿಕ್ ಬಣ್ಣಹಾಕಿ ಗುರುತಿಸಿದ ಮಾಸ್ಟ್ ಕೋಶಗಳೂ ಈ ಎಳೆಗಳ ನಡುವೆಯೇ ನೆಲಸಿವೆ. ಬಿಷಾ ಅವನ್ನು ಕಾಣಲಿಲ್ಲ.

ಒಂದೇ ಚಳಿಗಾಲದಲ್ಲಿ ಅವನು 600ಕ್ಕೂ ಮಿಕ್ಕು ಶವಗಳನ್ನು ಪರೀಕ್ಷಿಸಿದನೆಂದೂ, ಎಷ್ಟೋ ರಾತ್ರಿ ಅಲ್ಲಿಯೇ ಮಲಗುತ್ತಿದ್ದನೆಂದೂ ಹೇಳುವರು. ದೇಹವು ಇದನ್ನು ಎಷ್ಟು ಕಾಲ ತಾಳೀತು? 1802ರ ಜುಲೈ 8ರಂದು ಆಸ್ಪತ್ರೆಯ ಮೆಟ್ಟಿಲುಗಳಿಂದ ಬಿದ್ದು, ಜ್ವರಪೀಡಿತನಾಗಿ, ಗುರುಪತ್ನಿಯ ಶುಶ್ರೂಷೆಯಲ್ಲಿ ಜುಲೈ 22ರಂದು ಕಣ್ಣುಮುಚ್ಚಿದನು. ಆಗ ಅವನಿಗೆ 30 ವರ್ಷ. ಕೋರ್ವಿಸಾರನ ಪತ್ರದಿಂದ ವಿಷಯವನ್ನರಿತ ನೆಪೋಲಿಯನ್, ಓತೆಲ್ ದ್ಯೂನಲ್ಲಿ ದೆಸೋ ಮತ್ತು ಬಿಷಾ ಇಬ್ಬರ ಹೆಸರಿನಲ್ಲಿ ಒಂದೇ ಸ್ಮಾರಕವನ್ನು ನಿಲ್ಲಿಸಲು ಆಜ್ಞಾಪಿಸಿದನು. ಅರ್ಧದಲ್ಲಿ ನಿಂತಿದ್ದ ಅವನ ಕೊನೆಯ ಗ್ರಂಥದ ಉಳಿದ ಸಂಪುಟಗಳನ್ನು ಬ್ಯುಯಿಸನ್ ಮತ್ತು ರೂ ಎಂಬವರು ಪೂರ್ಣಗೊಳಿಸಿದರು.