ಸೈಕಲ್ ಚೈನಿನ ಹಿಂದಿರುವ ಮನುಷ್ಯ: ಹ್ಯಾನ್ಸ್ ರೆನಾಲ್ಡ್

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ ನನ್ನ ಸೈಕಲ್ಲಿನ ಚೈನು ಸಡಿಲವಾಗಿ ಮತ್ತೆ ಮತ್ತೆ ಬೀಳುತ್ತಿತ್ತು. ಪಾಲಹಳ್ಳಿಯಲ್ಲಿ ನನ್ನ ಮಾಮುವಿನದೇ ಸೈಕಲ್ ಶಾಪ್ ಇದೆ. ಅಲ್ಲಿಗೆ ಹೋಗುವಷ್ಟು ತಾಳ್ಮೆ ನನಗಿರಲಿಲ್ಲ. ಮೊಳೆ, ಸುತ್ತಿಗೆ ಹಿಡಿದು ನಾನೇ ಎರಡು ಕೊಂಡಿ ಬಿಚ್ಚಿದೆ. ಪಿನ್ನನ್ನು ಪೂರ್ತಿ ಹೊರಗೆ ಹೊಡೆದು, ಮತ್ತೆ ಅದನ್ನೇ ಒಳಗೆ ಬಡಿದು ಜೋಡಿಸಿದೆ. ಮರುದಿನ ಬೆಳಿಗ್ಗೆ ತಂಗಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದಿಬ್ಬದಲ್ಲಿ ಎದ್ದು ನಿಂತು ತುಳಿಯುವಾಗ ಅದೇ ಪಿನ್ನು ಕಿತ್ತುಬಂತು. ಇಬ್ಬರೂ ಬಿದ್ದೆವು. ತಂಗಿಯ ಮೊಣಕೈಗೆ ಆರು ಹೊಲಿಗೆ ಹಾಕಿದರು. ನನಗೆ ಒಂದು ಪರೀಕ್ಷೆ ತಪ್ಪಿತು. ಅಬ್ಬಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ಮಾಮು ಮುರಿದ ಕೊಂಡಿಯನ್ನು ನನ್ನ ಅಂಗೈ ಮೇಲಿಟ್ಟು ತೋರಿಸಿದರು. ನಾನು ಓರೆಯಾಗಿ ಹೊಡೆದಿದ್ದರಿಂದ ಹೊರಗಿನ ತಟ್ಟೆಯ ತೂತು ಅಗಲವಾಗಿತ್ತು. ಪಿನ್ನಿಗೆ ಹಿಡಿತವೇ ಉಳಿದಿರಲಿಲ್ಲ. ಒಂದು ಕೊಂಡಿಯೊಳಗೆ ಇಷ್ಟೆಲ್ಲ ಲೆಕ್ಕಾಚಾರವಿದೆಯೇ ಎಂದು ಆಶ್ಚರ್ಯವಾಯಿತು. ಇದನ್ನು ಮೊದಲು ಮಾಡಿದವರು ಯಾರೆಂದು ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಹ್ಯಾನ್ಸ್ ರೆನಾಲ್ಡ್.

ರೆನಾಲ್ಡ್ ಅವರು ಹುಟ್ಟಿದ್ದು 1852ರಲ್ಲಿ, ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣದಲ್ಲಿ. ನಮ್ಮ ಪಾಲಹಳ್ಳಿಯಲ್ಲಿ ಬೆಲ್ಲವನ್ನು ಶುದ್ಧಮಾಡಿ ಸಕ್ಕರೆ ತೆಗೆಯುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1847ರಲ್ಲಿ. ಅಂದರೆ ರೆನಾಲ್ಡ್ ಹುಟ್ಟುವ ಐದು ವರ್ಷ ಮೊದಲೇ ನಮ್ಮೂರು ಯಂತ್ರದ ಸದ್ದು ಕೇಳಿತ್ತು! ಅವರು ಓದು ಮುಗಿಸಿ 1873ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಪರದೇಶ, ಪರಭಾಷೆ. ಮ್ಯಾಂಚೆಸ್ಟರ್ ಆಗ ಹತ್ತಿ ಗಿರಣಿಗಳ ಊರು. ಅಲ್ಲಿ ಯಂತ್ರಗಳನ್ನು ಹೊರದೇಶಗಳಿಗೆ ಕಳುಹಿಸುವ ವ್ಯಾಪಾರದಲ್ಲಿ ಅವರು ಕೆಲಸಕ್ಕೆ ಸೇರಿದರು.

1879ರಲ್ಲಿ ರೆನಾಲ್ಡ್ ಒಂದು ಧೈರ್ಯ ಮಾಡಿದರು. ಪಕ್ಕದ ಸಾಲ್‌ಫರ್ಡ್‌ನಲ್ಲಿ ಜೇಮ್ಸ್ ಸ್ಲೇಟರ್ ಎಂಬವರು ನಡೆಸುತ್ತಿದ್ದ, ಗಿರಣಿ ಯಂತ್ರಗಳಿಗೆ ಚೈನು ಮಾಡುವ ಸಣ್ಣ ಕಾರ್ಖಾನೆಯನ್ನು ಕೊಂಡುಕೊಂಡರು. ಸ್ಲೇಟರ್ 1864ರಲ್ಲೇ ಒಂದು ಚೈನಿಗೆ ಪೇಟೆಂಟ್ ಪಡೆದಿದ್ದರು. ಅದು ಒಳ್ಳೆಯ ಚೈನೇ, ಆದರೆ ಬೇಗ ಸವೆಯುತ್ತಿತ್ತು. ಏಕೆಂದರೆ ಎಳೆತದ ಭಾರವೆಲ್ಲ ತೆಳು ತಟ್ಟೆಯ ಅಂಚು ಪಿನ್ನನ್ನು ಮುಟ್ಟುವ ಜಾಗದ ಮೇಲೆ ಬೀಳುತ್ತಿತ್ತು. ತೆಳು ಹಗ್ಗದಿಂದ ಬಿಂದಿಗೆ ಎತ್ತಿದರೆ ಕೈ ಕೊಯ್ಯುತ್ತದೆ, ಅದೇ ಅಗಲ ಪಟ್ಟಿಯಾದರೆ ಅಷ್ಟು ನೋಯುವುದಿಲ್ಲ. ಇದೂ ಹಾಗೆಯೇ.

1880ರಲ್ಲಿ ರೆನಾಲ್ಡ್ ಇದಕ್ಕೆ ಉಪಾಯ ಕಂಡುಕೊಂಡರು. ಒಳಗಿನ ಎರಡು ತಟ್ಟೆಗಳ ನಡುವೆ ಬುಷ್ ಎಂಬ ಸಣ್ಣ ಕೊಳವೆಯನ್ನು ಬಿಗಿಯಾಗಿ ಕೂರಿಸಿದರು. ಪಿನ್ನು ಈ ಬುಷ್ಷಿನೊಳಗೆ ತಿರುಗುತ್ತದೆ, ರೋಲರ್ ಬುಷ್ಷಿನ ಮೇಲೆ ತಿರುಗುತ್ತದೆ. ಭಾರ ಬುಷ್ಷಿನ ಉದ್ದಕ್ಕೂ ಹಂಚಿಹೋಗುವುದರಿಂದ ಸವೆತ ಎಷ್ಟೋ ಕಡಿಮೆಯಾಯಿತು. ಹೊರಗಿನ ತಟ್ಟೆ, ಒಳಗಿನ ತಟ್ಟೆ, ಪಿನ್ನು, ಬುಷ್, ರೋಲರ್ ಎಂಬ ಐದು ಬಗೆಯ ಚೂರುಗಳ ಆ ಚೈನು ಇಂದಿಗೂ ಸೈಕಲ್, ಮೋಟಾರ್ ಸೈಕಲ್‌ಗಳಲ್ಲಿದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬನ್ನು ಗಾಣದತ್ತ ಒಯ್ಯುವುದೂ ದೊಡ್ಡ ದೊಡ್ಡ ಚೈನುಗಳೇ.

ಚೈನು ಎಂಬುದು ರೆನಾಲ್ಡ್ ಅವರಿಂದಲೇ ಶುರುವಾಯಿತೆಂದು ಹೇಳಿದರೆ ತಪ್ಪಾಗುತ್ತದೆ. ದಿಯಾರ್‌ಬಕಿರ್‌ನ ಅರ್ತುಕಿದ್ ಸುಲ್ತಾನರ ಬಳಿ ಕೆಲಸ ಮಾಡುತ್ತಿದ್ದ ಅಲ್-ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ, ಸರಪಣಿಗೆ ಮಡಕೆ ಕಟ್ಟಿ ನೀರೆತ್ತುವ ಸಾಧನದ ವಿವರ, ಚಿತ್ರ ಎರಡೂ ಇವೆ. ಒಬ್ಬರು ಬಿಟ್ಟ ಜಾಗದಿಂದ ಇನ್ನೊಬ್ಬರು ಮುಂದುವರಿಸುವುದೇ ಇಲ್ಮ್. ಸ್ಲೇಟರ್ ಅವರ ಕೊರತೆಯನ್ನು ರೆನಾಲ್ಡ್ ಹೀಯಾಳಿಸಲಿಲ್ಲ, ತಿದ್ದಿದರು.

ಕಾಲವೂ ಅವರಿಗೆ ಕೂಡಿಬಂತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಕೊವೆಂಟ್ರಿಯಲ್ಲಿ ರೋವರ್ ಎಂಬ ಸೈಕಲ್ ತಂದರು. ಅದಕ್ಕೆ ಮೊದಲು ಮುಂದಿನ ದೈತ್ಯ ಚಕ್ರಕ್ಕೇ ಪೆಡಲ್ ಇದ್ದ ಸೈಕಲ್‌ಗಳದ್ದೇ ಕಾರುಬಾರು. ಅದರ ಮೇಲಿಂದ ಬಿದ್ದರೆ ತಲೆ ಒಡೆಯುತ್ತಿತ್ತು. ಹೊಸ ಸೈಕಲ್ಲಿನ ಹಿಂದಿನ ಚಕ್ರವನ್ನು ಚೈನು ತಿರುಗಿಸುತ್ತಿದ್ದುದರಿಂದ ಚಕ್ರಗಳು ಚಿಕ್ಕದಾದವು, ಹೆಂಗಸರೂ ಮಕ್ಕಳೂ ಸವಾರಿ ಮಾಡುವಂತಾಯಿತು. ಒಳ್ಳೆಯ ಚೈನಿಗೆ ಬೇಡಿಕೆ ಏರಿತು. ರೆನಾಲ್ಡ್ ಅಲ್ಲಿಗೇ ನಿಲ್ಲಲಿಲ್ಲ. 1895ರಲ್ಲಿ ಯಂತ್ರಗಳಿಗಾಗಿ ಸದ್ದಿಲ್ಲದ ಚೈನನ್ನೂ ರೂಪಿಸಿದರು.

ನನಗೆ ಅವರ ಬದುಕಿನಲ್ಲಿ ಹೆಚ್ಚು ಹಿಡಿಸಿದ್ದು ಬೇರೆ ಸಂಗತಿ. ಕಾರ್ಮಿಕರಿಗೆ ವಾರಕ್ಕೆ 48 ಗಂಟೆ ಮಾತ್ರ ಕೆಲಸ ಎಂಬ ನಿಯಮವನ್ನು ಬ್ರಿಟನ್ನಿನ ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಮೊದಮೊದಲು ತಂದವರಲ್ಲಿ ಅವರೂ ಒಬ್ಬರು. ಕೆಲಸಗಾರರಿಗೆ ಕ್ಯಾಂಟೀನ್ ಮಾಡಿಸಿದರು. ಭಾರವನ್ನು ಒಂದೇ ಕಡೆ ಹೇರದೆ ಹಂಚಬೇಕೆಂಬುದು ಚೈನಿಗೆ ಮಾತ್ರ ಅನ್ವಯಿಸುವ ಪಾಠವಲ್ಲವೆಂದು ಇದನ್ನು ಓದಿದಾಗ ಅನ್ನಿಸಿತು. 1930ರಲ್ಲಿ ಅವರ ಕಂಪನಿ ಕೊವೆಂಟ್ರಿ ಚೈನ್ ಕಂಪನಿಯ ಜೊತೆ ಒಂದಾಯಿತು. 1943ರಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಚೈನನ್ನು ಬಿಚ್ಚುವ ಸರಿಯಾದ ಕ್ರಮವನ್ನು ಮಾಮುವಿನಿಂದ ಕಲಿತೆ. ಸೈಕಲ್ಲಿನಲ್ಲಿ ಬರುವ ಎಲ್ಲರಿಗೂ ಉಪಯೋಗವಾಗಲೆಂದು ಬರೆಯುತ್ತೇನೆ.

ಮೊದಲು ಅಳತೆ ಪಟ್ಟಿ ಹಿಡಿಯಿರಿ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಅದು ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಪಿನ್ನು, ಬುಷ್ ಸವೆದಿವೆ ಎಂದರ್ಥ. ಆಗ ಚೈನು ಚಿಕ್ಕದು ಮಾಡಿ ಫಲವಿಲ್ಲ, ಹೊಸದು ಹಾಕಬೇಕು. ನನ್ನದು ಹಾಗೆಯೇ ಸವೆದಿತ್ತು.

ಸಾದಾ ಸೈಕಲ್ಲಿನ ಚೈನಿನಲ್ಲಿ ಸಾಮಾನ್ಯವಾಗಿ ಒಂದು ಚೈನ್ ಲಾಕ್ ಇರುತ್ತದೆ. ಅದರ ಕ್ಲಿಪ್ಪನ್ನು ನೋಸ್ ಪ್ಲೈಯರ್‌ನಿಂದ ಸರಿಸಿದರೆ ಸಾಕು, ಚೈನು ಬಿಚ್ಚುತ್ತದೆ. ಮತ್ತೆ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು.

ಕೊಂಡಿ ತೆಗೆಯಬೇಕಾದರೆ ಚೈನ್ ಕಟ್ಟರ್ ಬಳಸಿ. ನಿಮ್ಮ ಚೈನಿನ ಅಗಲಕ್ಕೆ ಹೊಂದುವ, ತುದಿ ಬಾಗದ ಕಟ್ಟರ್ ಆರಿಸಿ. ಚೈನನ್ನು ಅದರ ಹಲ್ಲಿನಲ್ಲಿ ಪೂರ್ತಿ ಕೂರಿಸಿ, ಕಟ್ಟರಿನ ತುದಿ ಪಿನ್ನಿನ ನಟ್ಟನಡುವೆ ಇದೆಯೇ ನೋಡಿ, ನಿಧಾನವಾಗಿ ತಿರುಗಿಸಿ. ಸಾದಾ ಚೈನಿನಲ್ಲಿ ಅದೇ ಪಿನ್ನನ್ನು ಮತ್ತೆ ಬಳಸುವುದಾದರೆ ಅದು ಹೊರ ತಟ್ಟೆಯಿಂದ ಪೂರ್ತಿ ಆಚೆ ಬೀಳಬಾರದು. ಗೇರ್ ಸೈಕಲ್ಲಿನ ತೆಳು ಚೈನಿನಲ್ಲಂತೂ ಹಳೇ ಪಿನ್ನನ್ನು ಮತ್ತೆ ಹಾಕಲೇಬಾರದು, ಅದಕ್ಕೆ ಹೊಂದುವ ಹೊಸ ಲಾಕ್ ಹಾಕಬೇಕು. ಕೊಂಡಿಗಳನ್ನು ತೆಗೆಯುವುದು ಜೋಡಿಯಾಗಿ, ಒಂದು ಒಳಗಿನದು, ಒಂದು ಹೊರಗಿನದು. ಜೋಡಿಸಿದ ಮೇಲೆ ಆ ಕೊಂಡಿ ಸಲೀಸಾಗಿ ಮಡಚುತ್ತದೆಯೇ ಎಂದು ಕೈಯಲ್ಲಿ ನೋಡಿ, ಆಮೇಲೆ ಸವಾರಿ ಮಾಡಿ.

ಈಗ ತಂಗಿ ಮತ್ತೆ ನನ್ನ ಕ್ಯಾರಿಯರ್ ಮೇಲೆ ಕೂರುತ್ತಾಳೆ. ಕೂರುವ ಮೊದಲು ಬಗ್ಗಿ ಚೈನನ್ನು ಒಮ್ಮೆ ನೋಡುತ್ತಾಳೆ. ನನಗೆ ಬೇಸರವಿಲ್ಲ, ನೋಡಲಿ. ನಾನೂ ನೋಡುತ್ತೇನೆ.